ಹನ್ನೆರಡು ವಸ್ತು, ಒಂದು ಸೀರೆ, ವಾರಕ್ಕೆ ನಾಲ್ಕು ತಾಸು: ಕಸೂತಿಗೆ ಹಾಕಿಕೊಂಡ ಮೂರು ಬಗೆಯ ಗುರಿ

ಕಳೆದ ಮೂರು ವರ್ಷಗಳಲ್ಲಿ ನನ್ನ ಕಸೂತಿಗೆ ಮೂರು ಬಗೆಯ ವಾರ್ಷಿಕ ಗುರಿಗಳನ್ನು ಹಾಕಿಕೊಂಡು ನೋಡಿದ್ದೇನೆ. ಮೊದಲ ವರ್ಷ ತಿಂಗಳಿಗೊಂದರಂತೆ 12 ವಸ್ತುಗಳು, ಎರಡನೆಯ ವರ್ಷ ಒಂದೇ ಒಂದು ಇಳಕಲ್ ಸೀರೆ, ಮೂರನೆಯ ವರ್ಷ ವಸ್ತುವಿನ ಗೊಡವೆಯೇ ಇಲ್ಲದೆ ವಾರಕ್ಕೆ ನಾಲ್ಕು ತಾಸು. ನೌಕರಿ ಮತ್ತು ಮನೆಗೆಲಸದ ನಡುವೆ ಸಿಗುವ ಬಿಡುವು ಮೂರೂ ವರ್ಷ ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ ಇವುಗಳನ್ನು ಹೋಲಿಸಬಹುದು.

ಹನ್ನೆರಡರ ಲೆಕ್ಕ ಮೊದಮೊದಲು ಹುರುಪು ಕೊಟ್ಟಿತು. ಜನವರಿಯಲ್ಲಿ ಎಳೆ ಎಣಿಸಿ ಹೊಲಿಯಲು ಬರುವ ಮ್ಯಾಟಿ ಬಟ್ಟೆಯ ಮೇಲೆ ಮೆಂತಿ ಹೊಲಿಗೆ (ಗುಣಾಕಾರದ ಗುರುತಿನಂಥದ್ದು) ಹಾಕಿದ ದಿಂಬಿನ ಕವರು, ಫೆಬ್ರವರಿಯಲ್ಲಿ ಮುರ್ಗಿ ಹೊಲಿಗೆಯ ಮೆಟ್ಟಿಲು ಮೆಟ್ಟಿಲಾದ ಅಂಚಿರುವ ಮೇಜಿನ ಹೊದಿಕೆ ಮುಗಿದವು. ಶ್ರಾವಣ ಬಂದು ಹಬ್ಬಗಳ ಸಾಲು ಶುರುವಾದ ಮೇಲೆ ವಸ್ತುಗಳು ಕಿರಿದಾಗುತ್ತ ಹೋದವು; ನವೆಂಬರಿನಲ್ಲಿ ಹೊಲಿದದ್ದು ಎರಡು ಬೆರಳಗಲದ ಪುಸ್ತಕದ ಗುರುತುಪಟ್ಟಿ, ಅದನ್ನೂ ಒಂದು ಎಂದೇ ಬರೆದುಕೊಂಡೆ. ವರ್ಷಾಂತ್ಯಕ್ಕೆ ಆದದ್ದು ಒಂಬತ್ತು. ಮನೆಯಲ್ಲಿ ಬಿದ್ದಿದ್ದ ತುಂಡು ಬಟ್ಟೆಗಳು ಮತ್ತು ಅರ್ಧ ಉಳಿದ ದಾರದ ಲಡಿಗಳು ಖಾಲಿಯಾದದ್ದೇ ನಿಜವಾದ ಲಾಭ.

ಸೀರೆಯ ವರ್ಷ ಇದಕ್ಕೆ ತೀರ ಬೇರೆ. ಧಾರವಾಡದ ಕಡೆ ಮದುವಣಗಿತ್ತಿಗೆ ಕೊಡುತ್ತಿದ್ದ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಆಸೆಯಿಂದ ಕಪ್ಪು ಒಡಲಿನ ಸೀರೆಯನ್ನೇ ಆರಿಸಿಕೊಂಡೆ. ಗುರಿ ಒಂದೇ ಆದ್ದರಿಂದ ಯೋಜನೆಗೆ ಒಂದು ಅನುಕೂಲವಿತ್ತು: ಬೇರೆ ಬೇರೆ ಸಲ ಕೊಂಡ ದಾರದ ಬಣ್ಣ ಒಂದಿಷ್ಟು ಹೆಚ್ಚುಕಡಿಮೆಯಾಗುವುದುಂಟಾದ್ದರಿಂದ, ಎಂಟು ಮೀಟರಿನ ಆರೆಳೆ ಲಡಿಗಳನ್ನು ಮೊದಲೇ ಎಣಿಸಿ ಒಟ್ಟಿಗೇ ತಂದೆ. ಆದರೆ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬರಬೇಕು, ಒಳಮೈ ಹೊರಮೈ ಎರಡೂ ಒಂದೇ ತೆರನಾಗಿ ಕಾಣಬೇಕು. ಸೀರೆಯ ಎಳೆ ಎಣಿಸಲು ಬಾರದಷ್ಟು ದಟ್ಟವಾಗಿದ್ದುದರಿಂದ ಮೇಲೊಂದು ಕ್ಯಾನ್ವಾಸು ತುಂಡನ್ನು ಹಚ್ಚಿ ಎಣಿಸುತ್ತಿದ್ದೆ. ಆದರೂ ಎರಡನೆಯ ಗೋಪುರದ ಚಿತ್ತಾರದ ಮೂರನೆಯ ಅಂತಸ್ತಿನಲ್ಲಿ ತಪ್ಪಿದ ಒಂದು ಎಳೆ ನನ್ನ ಗಮನಕ್ಕೆ ಬಂದದ್ದು ಕಳಶ ಮುಟ್ಟಿ ಮರಳುವಾಗ, ತುಂಬಬೇಕಾದ ಜಾಗವೇ ಅಲ್ಲಿ ಇಲ್ಲದಾದಾಗ. ಮೂರು ಸಂಜೆಯ ಕೆಲಸವನ್ನು ಸೂಜಿಯ ತುದಿಯಿಂದ ಬಿಚ್ಚಿದೆ. ಕಪ್ಪು ಬಟ್ಟೆಗೆ ಹಗಲ ಬೆಳಕೇ ಬೇಕೆಂಬುದೂ, ಮಳೆಗಾಲದ ಮೋಡದಲ್ಲಿ ಅದು ಸಿಗದೆಂಬುದೂ ಯೋಜನೆಯಲ್ಲಿ ಇರಲಿಲ್ಲ. ಡಿಸೆಂಬರ್ 31ಕ್ಕೆ ತುಳಸಿಕಟ್ಟೆ ಬಾಕಿ ಉಳಿದು, ಸೀರೆ ಮುಗಿದದ್ದು ಮುಂದಿನ ಫೆಬ್ರವರಿಯಲ್ಲಿ. ಗುರಿ ತಪ್ಪಿತು, ನಿಜ. ಕೈ ಮಾತ್ರ ಆ ವರ್ಷ ಪಳಗಿದಷ್ಟು ಇನ್ನಾವ ವರ್ಷವೂ ಪಳಗಲಿಲ್ಲ.

ಮೂರನೆಯ ಬಗೆಯನ್ನು ಯುಗಾದಿಯಿಂದ ಆರಂಭಿಸಿದೆ. ವರ್ಷಕ್ಕೆ 208 ತಾಸು ಆಗಬೇಕಿತ್ತು, ನೋಟುಬುಕ್ಕಿನಲ್ಲಿ ಬರೆದದ್ದು 151. ಒಂದು ಗೋಪುರಕ್ಕೆ ನನಗೆ ಆರು ತಾಸು, ಒಂದು ಆನೆಗೆ ಎರಡು ತಾಸು ಬೇಕೆಂಬುದು ಆ ನೋಟುಬುಕ್ಕಿನಿಂದಲೇ ತಿಳಿಯಿತು. ಆದರೆ ದಾರ ಸುತ್ತುತ್ತ ಕುಳಿತರೂ ತಾಸು ತುಂಬುತ್ತದೆ. ಕೊನೆಗೆ ಕೈಯಲ್ಲಿ ಉಳಿದದ್ದು ಒಂದು ರವಿಕೆ ಕಣ, ಅರ್ಧ ಹಾಸಿಗೆಯ ಹೊದಿಕೆ. ಈ ವರ್ಷ ಏನು ಮಾಡಿದಿ ಎಂದು ಕೇಳಿದ ಸೋದರತ್ತೆಗೆ ತಾಸಿನ ಲೆಕ್ಕ ಹೇಳಿದೆ, "ತಾಸು ಉಟ್ಕೊಳ್ಳಾಕ ಬರತೈತೇನವಾ?" ಎಂದು ಅವರು ನಕ್ಕರು.

ಹೊಸದಾಗಿ ಕಲಿಯುವವರು ಮೊದಲ ಬಗೆಯನ್ನು ಹಿಡಿಯಬಹುದು, ಆದರೆ ಹನ್ನೆರಡಲ್ಲ, ಆರು ಸಾಕು. ತಾಸಿನ ಲೆಕ್ಕವನ್ನು ಗುರಿಯಾಗಿ ಇಟ್ಟುಕೊಳ್ಳುವುದಕ್ಕಿಂತ ಅಳತೆಗೋಲಾಗಿ ಬಳಸುವುದು ಮೇಲು. ಮೂರರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಸೀರೆಯನ್ನೇ ಆರಿಸುತ್ತೇನೆ, ಈ ಯುಗಾದಿಗೆ ಆರಿಸಿದ್ದೂ ಆಗಿದೆ. ಈ ಸಲ ಹಸಿರು ಒಡಲು. ಐದು ಗೋಪುರಕ್ಕೆ 30 ತಾಸು, ಹತ್ತು ಆನೆಗೆ 20, ಉದ್ದಕ್ಕೂ ಓಡುವ ಮುರ್ಗಿಯ ಅಂಚಿಗೆ 60, ಒಟ್ಟು 110. ಶ್ರಾವಣದಿಂದ ದೀಪಾವಳಿಯವರೆಗಿನ ಹಾಳೆಗಳನ್ನು ಖಾಲಿ ಬಿಟ್ಟಿದ್ದೇನೆ. ಹೋದ ವರ್ಷದ 151ರಲ್ಲಿ ಉಳಿಯುವ 41 ತಾಸು ಬಿಚ್ಚುವುದಕ್ಕೆಂದೇ ಮೀಸಲು.