ಟ್ಯಾಕ್ಸಿಡರ್ಮಿ ಕಿಟ್: ಚಾಕು ಚೆನ್ನಾಗಿದೆ, ಕಣ್ಣು ಮಾತ್ರ ಬೇಡ

ಸತ್ತ ಕೋಳಿಯ ಚರ್ಮ ಸುಲಿದು, ಹತ್ತಿ ತುಂಬಿ ನಿಲ್ಲಿಸುವುದು ನನ್ನ ಹೊಸ ಹುಚ್ಚು. ಮನೆಯಲ್ಲಿ ಯಾರೂ ಒಪ್ಪಿಲ್ಲ, ಬಿಡಿ. ಆನ್‌ಲೈನಿನಲ್ಲಿ 1,850 ರೂಪಾಯಿ ಕೊಟ್ಟು ಈ ಕಿಟ್ ತರಿಸಿದೆ.

ಸ್ಕಾಲ್ಪೆಲ್ ಹಿಡಿಕೆ ಗಟ್ಟಿಯಾಗಿದೆ, ಜೊತೆಗೆ ಹತ್ತು ಬ್ಲೇಡ್. ನಾಟಿ ಹುಂಜದ ಎದೆ ಮೇಲೆ ಗೀರಿದೆ. ಚರ್ಮ ಸಲೀಸಾಗಿ ಬಿಟ್ಟುಕೊಂಡಿತು, ಹೊಟ್ಟೆಯ ಪೊರೆ ಹರಿಯಲಿಲ್ಲ. ಅದು ಹರಿದರೆ ಗಲೀಜೆಲ್ಲ ಪುಕ್ಕಕ್ಕೆ! ಆದರೆ ಗಾಜಿನ ಕಣ್ಣು ಒಂದು ದೊಡ್ಡದು, ಒಂದು ಚಿಕ್ಕದು. ನನ್ನ ಹುಂಜ ಸದಾ ಕಣ್ಣು ಹೊಡೆಯುತ್ತಿದೆ. ತಂತಿಯೂ ತೆಳು, ಕಾಲಿನೊಳಗೆ ಹಾಯಿಸಿ ನಿಲ್ಲಿಸಿದರೆ ಕುಡಿದವನ ಹಾಗೆ ವಾಲುತ್ತದೆ. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ.

ಕಿಟ್‌ನಲ್ಲಿ ಬಿಳಿಗಾರದ (ಅಕ್ಕಸಾಲಿಗರು ಬಳಸುವ ಬೋರಾಕ್ಸ್) ಪುಡಿ ಬರೀ 50 ಗ್ರಾಂ. ಚರ್ಮದ ಒಳಮೈಗೆ ಧಾರಾಳವಾಗಿ ಉಜ್ಜಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ. ಸಾಲದ್ದನ್ನು ಇಲ್ಲೇ ದಾವಣಗೆರೆಯ ಗ್ರಂಧಿಗೆ ಅಂಗಡಿಯಲ್ಲಿ ತಂದೆ. 'ಚಿನ್ನದ ಕೆಲಸಾನಾ?' ಅಂದರು. ಸುಮ್ನೆ ಹೂಂ ಅಂದೆ. ರಕ್ತ, ಕೊಬ್ಬು ಹೀರಲು ಮೆಕ್ಕೆಜೋಳದ ಹಿಟ್ಟು ಸಾಕು. ನಮ್ಮೂರಲ್ಲಿ ಅದಕ್ಕೇನು ಬರ, ಅಲ್ವಾ?

ಡಬ್ಬದ ಮೇಲೆ ಗೂಬೆಯ ಚಿತ್ರವಿದೆ. ನೋಡಿ ಆಸೆಪಡಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗೂಬೆ, ನವಿಲು ಸತ್ತು ಸಿಕ್ಕರೂ ಸರ್ಕಾರದ ಸ್ವತ್ತು. ಮೈಸೂರಿನ ವ್ಯಾನ್ ಇಂಗೆನ್‌ನವರು ಹುಲಿ ತುಂಬುತ್ತಿದ್ದ ಕಾಲ ಮುಗಿಯಿತು. ಸಾಕಿದ ಕೋಳಿ, ಮಾರ್ಕೆಟ್ಟಿನ ಮೀನು ಇದ್ದೇ ಇದೆ.

ಐದಕ್ಕೆ ಎರಡೂವರೆ ಸ್ಟಾರ್, ಅದೂ ಬ್ಲೇಡಿಗೆ. ಕಣ್ಣು, ತಂತಿ ಬೇರೆ ಕಡೆ ಕೊಳ್ಳಿ.