ಎರಡನೇ ಏರಿಗೆ ಸ್ಕಿನ್ ಅಂಟದಿದ್ದರೆ: ಸ್ಕೀ ಟೂರಿಂಗ್‌ಗೆ ಹೊರಡುವವರ ಗಮನಕ್ಕೆ

ಸ್ಕೀ ಟೂರಿಂಗ್ ಎಂದರೆ ಹಿಮದ ಬೆಟ್ಟವನ್ನು ಸ್ಕೀ ಮೇಲೆಯೇ ಏರಿ, ಜಾರಿ ಇಳಿಯುವುದು. ಏರುವಾಗ ಹಿಂದಕ್ಕೆ ಜಾರದಂತೆ ಸ್ಕೀ ತಳಕ್ಕೆ ಅಂಟಿಸುವ, ಕೆಳಬದಿಯಲ್ಲಿ ಕೂದಲಿರುವ ಪಟ್ಟಿಯೇ ಕ್ಲೈಂಬಿಂಗ್ ಸ್ಕಿನ್; ಇಳಿಯುವ ಮೊದಲು ಅದನ್ನು ಬಿಚ್ಚುತ್ತಾರೆ. ಬೆಳಿಗ್ಗೆ ಗಟ್ಟಿಯಾಗಿ ಹಿಡಿದಿದ್ದ ಇಂಥ ಒಂದು ಸ್ಕಿನ್ ಎರಡನೇ ಏರಿನ ಮಧ್ಯದಲ್ಲಿ, ಕಿಕ್ ಟರ್ನ್ (ನಿಂತಲ್ಲೇ ಒಂದೊಂದೇ ಸ್ಕೀ ಎತ್ತಿ ದಿಕ್ಕು ಬದಲಿಸುವುದು) ಮಾಡುವಾಗ, ಹಿಂತುದಿಯಿಂದ ಕಿತ್ತುಬಂತು. ಒತ್ತಿ ಅಂಟಿಸಿದರೂ ಕೆಲವೇ ಹೆಜ್ಜೆಗೆ ಮತ್ತೆ ಜೋತುಬಿತ್ತು. ಸ್ಕೀ ಕಳಚಿ ನಡೆಯೋಣವೆಂದರೆ ಕಾಲು ತೊಡೆಯವರೆಗೂ ಹೂತುಹೋಗುವ ಹಿಮ. ಒಂದು ಸ್ಕಿನ್‌ಗಾಗಿ ತಂಡವಿಡೀ ಬಿಸಿಲೇರುತ್ತಿದ್ದ ಇಳಿಜಾರಿನ ಕೆಳಗೆ, ಹಿಮಕುಸಿತವಾದರೆ ನೇರ ಅದರ ದಾರಿಯಲ್ಲೇ, ಕಾಯುತ್ತಾ ನಿಲ್ಲಬೇಕಾಯಿತು.

ಅಂಟು ಹಳೆಯದೇನಲ್ಲ. ಎಡವಟ್ಟಾದದ್ದು ಮೊದಲ ಏರಿನ ತುದಿಯಲ್ಲಿ. ಬಿಚ್ಚಿದ ಸ್ಕಿನ್‌ಗಳನ್ನು ಹಿಮದ ಮೇಲೆ ಇಟ್ಟದ್ದರಿಂದ ಗಾಳಿಗೆ ಹಾರಿಬಂದ ಹಿಮದ ಪುಡಿ ಅಂಟಿನ ಮೇಲೆ ಕೂತಿತು. ಆಮೇಲೆ ಅವು ಬ್ಯಾಗಿನ ಹೊರಜೇಬು ಸೇರಿ ಅಲ್ಲೇ ತಣ್ಣಗಾದವು. ಚಳಿಗೆ ಅಂಟು ಗಡುಸಾಗಿ ಹಿಡಿತ ಬಿಡುತ್ತದೆ. ಹಿಮದ ಹರಳು ಇದ್ದ ಜಾಗದಲ್ಲಿ ಅಂಟು ಸ್ಕೀ ತಳಕ್ಕೆ ತಾಗುವುದೇ ಇಲ್ಲ. ಹಾಗೆ ಉಳಿದ ಸಣ್ಣ ಸಂದಿಗೆ ಪ್ರತಿ ಹೆಜ್ಜೆಗೂ ಹಿಮ ನುಗ್ಗಿ ಸ್ಕಿನ್ ಇನ್ನಷ್ಟು ಬಿಡುತ್ತಾ ಹೋಗುತ್ತದೆ.

ಆದ್ದರಿಂದ ತುದಿ ತಲುಪಿದ ಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು, ಒಂದು ಸಲಕ್ಕೆ ಒಂದೇ ಸ್ಕಿನ್ ಬಿಚ್ಚಿ. ಬಿಚ್ಚುತ್ತಿದ್ದಂತೆ ಅಂಟಿಗೆ ಅಂಟು ಸೇರಿಸಿ ಮಡಚಿ, ಜಾಕೆಟ್ಟಿನ ಒಳಗೆ ಇಟ್ಟುಕೊಳ್ಳಿ. ಮೈಬಿಸಿಗೆ ಅಂಟು ಮೆದುವಾಗಿಯೇ ಇರುತ್ತದೆ. ಮತ್ತೆ ಹಚ್ಚುವ ಮೊದಲು ಸ್ಕೀ ತಳದ ನೀರು, ಮಂಜುಗಡ್ಡೆ ಎರಡನ್ನೂ ಸ್ಕ್ರೇಪರ್‌ನಿಂದ ಕೆರೆದು, ಒಣಬಟ್ಟೆಯಿಂದ ಒರೆಸಿ. ಈ ಒರೆಸುವ ಕೆಲಸವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸ್ಕಿನ್‌ನ ಮುಂತುದಿಯ ಲೂಪನ್ನು ಸ್ಕೀಗೆ ಸಿಕ್ಕಿಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಒತ್ತುತ್ತಾ ಬಂದು, ಕೊನೆಗೆ ಹಿಂತುದಿಯ ಕ್ಲಿಪ್ ಹಾಕಿ.

ಸ್ಕಿನ್ ಕೆಳಗೆ ಹಿಮದ ಉಂಡೆ ಕಟ್ಟುವುದು ಬೇರೆಯೇ ತೊಂದರೆ. ಬಿಸಿಲಿನ ಒದ್ದೆ ಹಿಮದಲ್ಲಿ ಕೂದಲು ನೀರು ಕುಡಿಯುತ್ತದೆ. ನೆರಳಿನ ಒಣ, ತಣ್ಣನೆ ಹಿಮಕ್ಕೆ ಕಾಲಿಟ್ಟೊಡನೆ ಆ ನೀರು ಹೆಪ್ಪುಗಟ್ಟಿ ಹಿಮವನ್ನು ಕಚ್ಚಿಕೊಳ್ಳುತ್ತದೆ. ಆಗ ಸ್ಕೀ ಜಾರುವುದಿಲ್ಲ, ಒಂದೊಂದು ಕಾಲೂ ಕಲ್ಲು ಕಟ್ಟಿದಷ್ಟು ಭಾರ. ಹೊರಡುವ ಮೊದಲೇ, ಕೂದಲು ಒಣಗಿರುವಾಗ, ಮುಂತುದಿಯಿಂದ ಹಿಂತುದಿಗೆ ಸ್ಕಿನ್ ವ್ಯಾಕ್ಸ್ ಉಜ್ಜಿ. ಒದ್ದೆಯಾದ ಮೇಲೆ ಉಜ್ಜಿದರೆ ಅಷ್ಟು ಕೆಲಸ ಮಾಡದು. ಸ್ಕಿನ್‌ನ ಕೂದಲು ಮೊಹೇರ್ (ಅಂಗೋರಾ ಮೇಕೆಯ ಕೂದಲು) ಆದರೆ ಚೆನ್ನಾಗಿ ಜಾರುತ್ತದೆ, ನೈಲಾನ್ ಹೆಚ್ಚು ಹಿಡಿಯುತ್ತದೆ, ಬಾಳಿಕೆಯೂ ಜಾಸ್ತಿ. ಆದರೆ ಒದ್ದೆಯಾದರೆ ಎರಡೂ ಉಂಡೆ ಕಟ್ಟುತ್ತವೆ.

ಬ್ಯಾಗಿನಲ್ಲಿ ಕನಿಷ್ಠ 4 ರಬ್ಬರಿನಂಥ ಸ್ಕೀ ಸ್ಟ್ರಾಪ್ ಇರಲೇಬೇಕು. ಅಂಟು ಕೈಕೊಟ್ಟರೆ ಒಂದೊಂದು ಸ್ಕೀಗೆ ಎರಡರಂತೆ, ಹಿಂತುದಿಯ ಹತ್ತಿರ ಒಂದು, ಬೂಟು ಸಿಕ್ಕಿಸುವ ಬೈಂಡಿಂಗಿನ ಹಿಂದೆ ಒಂದು, ಸ್ಕಿನ್ ಸೇರಿಸಿ ಬಿಗಿಯಿರಿ. ಬಕಲ್ ಸ್ಕೀಯ ಮೇಲ್ಗಡೆಯೇ ಇರಲಿ. ಡಕ್ಟ್ ಟೇಪ್ ಒದ್ದೆ ಸ್ಕೀಗೆ ಅಂಟುವುದಿಲ್ಲ, ಅದನ್ನೇ ನಂಬಿ ಹೊರಡಬೇಡಿ.

ಸ್ಕೀ ತಳಕ್ಕೆ ವ್ಯಾಕ್ಸ್ ಹಾಕಿಸಿದ್ದರೆ ಅದನ್ನು ಪೂರ್ತಿ ಕೆರೆದು ಬ್ರಷ್ ಮಾಡದೆ ಸ್ಕಿನ್ ಹಚ್ಚಬೇಡಿ, ಉಳಿದ ವ್ಯಾಕ್ಸ್ ಅಂಟಿಗೆ ಹತ್ತಿ ಅದನ್ನು ಕೆಡಿಸುತ್ತದೆ. ಹೀಟರ್ ಮೇಲೆ ಒಣಗಿಸುವುದೂ ಬೇಡ: ಅಂಟು ಕರಗಿ ಹರಡಿ, ಮುಂದಿನ ಸಲ ಸ್ಕೀ ತಳದ ಮೇಲೆಯೇ ಉಳಿದುಬಿಡುತ್ತದೆ. ಕೋಣೆಯ ಗಾಳಿಯಲ್ಲಿ ನೇತುಹಾಕಿದರೆ ರಾತ್ರಿ ಕಳೆಯುವಷ್ಟರಲ್ಲಿ ಒಣಗುತ್ತದೆ.