ಬಸುರಿಯ ಸೊಂಟಕ್ಕೆ ನೆಟಿಕೆ ತೆಗೆಸುವ ಮುಂಚೆ ಇದನ್ನು ಓದಿ

ಸಕಲೇಶಪುರ ಕಡೆಯ ತೋಟದ ಲೈನ್ ಮನೆಯಿಂದ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಿಕೊಂಡು ಹಾಸನಕ್ಕೆ ಬಂದ, 31 ವಾರ ತುಂಬಿದ್ದ ಗರ್ಭಿಣಿಯೊಬ್ಬರಿಗೆ ಆದದ್ದು ಇದು. ಅವರ ಹೆಸರೂ ಬೇಡ, ಅವರು ಹೋದ ಜಾಗದ ಹೆಸರೂ ಬೇಡ. ‘ಆಸ್ಟಿಯೋಪಥಿ, ಔಷಧಿ ಇಲ್ಲದೆ ಮೂಳೆ ಜೋಡಣೆ’ ಅಂತ ಬೋರ್ಡ್ ಇತ್ತು. ಬಲಗಡೆ ಪೃಷ್ಠದಲ್ಲಿ ಚುಚ್ಚುವ ನೋವು, ಮುಂದೆ ತೊಡೆಸಂದಿನ ಮೇಲಿನ ಮೂಳೆಯಲ್ಲಿ ನೋವು, ರಾತ್ರಿ ಮಗ್ಗುಲು ತಿರುಗಲು ಆಗುತ್ತಿರಲಿಲ್ಲ. ಇವುಗಳ ಜೊತೆಗೆ ಎರಡು ದಿನದಿಂದ ಎಡಗಾಲಿನ ಮೀನಖಂಡ ಹಿಡಿದುಕೊಂಡಿತ್ತು. ಕಾಲಿನ ಮಾತನ್ನು ಅಲ್ಲಿ ಯಾರೂ ಕೇಳಲಿಲ್ಲ. ಬಿಪಿ ನೋಡಲಿಲ್ಲ. ತಾಯಿ ಕಾರ್ಡ್ ಅತ್ತೆಯ ಚೀಲದಲ್ಲೇ ಉಳಿಯಿತು.

ಮೊದಲು ಅವರನ್ನು ಅಂಗಾತ ಮಲಗಿಸಿದರು, ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಬೆವರು ಕಿತ್ತುಕೊಂಡು ಬಂತು, ಕಣ್ಣು ಕತ್ತಲಿಟ್ಟಿತು, ವಾಕರಿಕೆ ಬಂತು. ‘ದೇಹದ ವಿಷ ಹೊರಗೆ ಹೋಗುತ್ತಿದೆ, ಒಳ್ಳೆಯದೇ’ ಅಂದರು. ಅದು ವಿಷವಲ್ಲ. ಸುಮಾರು 20 ವಾರದ ನಂತರ ಅಂಗಾತ ಮಲಗಿದರೆ ಗರ್ಭಕೋಶದ ಭಾರವೆಲ್ಲ ಬೆನ್ನೆಲುಬಿನ ಮುಂದೆ ಹಾದುಹೋಗುವ ದೊಡ್ಡ ಅಭಿಧಮನಿಯ ಮೇಲೆ ಬೀಳುತ್ತದೆ. ಕಾಲಿನಿಂದ ಹೃದಯಕ್ಕೆ ಮರಳಬೇಕಾದ ರಕ್ತ ತಡೆದು ನಿಲ್ಲುತ್ತದೆ, ತಾಯಿಯ ಬಿಪಿ ಕುಸಿಯುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ತಕ್ಷಣ ಎಡಮಗ್ಗುಲಿಗೆ ತಿರುಗಿಸಿದರೆ ಸಾಮಾನ್ಯವಾಗಿ ನಿಮಿಷಗಳಲ್ಲೇ ಸುಧಾರಿಸುತ್ತದೆ. ಗರ್ಭಿಣಿಯನ್ನು ಮುಟ್ಟುವ ಯಾರಿಗೇ ಆಗಲಿ ಇದು ಮೊದಲ ಪಾಠ.

ಆಮೇಲೆ ಮಗ್ಗುಲು ಮಲಗಿಸಿ, ಮೇಲಿನ ಮೊಣಕಾಲು ಮಡಿಸಿ, ಭುಜ ಹಿಂದಕ್ಕೂ ಸೊಂಟ ಮುಂದಕ್ಕೂ ತಿರುಚಿ ಒಂದೇ ಏಟಿಗೆ ಒತ್ತಿದರು. ‘ಟಕ್’ ಅಂತ ಸದ್ದು ಬಂತು. ಜಾರಿದ ಮೂಳೆ ಕೂತಿತು, ಇನ್ನು ಹತ್ತು ಸಿಟ್ಟಿಂಗ್ ಬೇಕು ಅಂದರು. ನೆಟಿಕೆಯ ಸದ್ದು ಸಂದಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದರಿಂದ ಬರುತ್ತದೆ. ಮೂಳೆ ಜಾರಿತ್ತು, ಕೂತಿತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಬಸುರಿನಲ್ಲಿ ಹಾರ್ಮೋನುಗಳ ಪ್ರಭಾವದಿಂದ ಸೊಂಟದ ಸಂದುಗಳ ಕಟ್ಟು ಸಡಿಲವಾಗಿರುತ್ತದೆ, ಹೊಟ್ಟೆಯ ಭಾರ ಮುಂದಕ್ಕೆ ಎಳೆಯುತ್ತದೆ. ಎರಡು ಕಡೆಯ ಸಂದು ಒಂದೇ ಸಮ ಅಲುಗದಿದ್ದಾಗ ನೋವು. ಮೊದಲೇ ಸಡಿಲವಾದ ಸಂದನ್ನು ತಿರುಚಿ ಇನ್ನಷ್ಟು ಬಿಡಿಸಿದರೆ ಏನಾಗಬೇಕೋ ಅದೇ ಆಯಿತು: ಮರುದಿನ ಅವರಿಗೆ ಒಂದು ಕಾಲಿನ ಮೇಲೆ ಭಾರ ಹಾಕಿ ಮೆಟ್ಟಿಲು ಹತ್ತಲು ಆಗಲಿಲ್ಲ. ಕುತ್ತಿಗೆಗೆ ಇದೇ ಏಟು ಹಾಕುವವರೂ ಇದ್ದಾರೆ. ಅಲ್ಲಿ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿಯುವ ಅಪಾಯವಿದೆ. ದಯವಿಟ್ಟು ಕುತ್ತಿಗೆ ಕೊಡಬೇಡಿ.

ನಮಗೆ ಹೆಚ್ಚು ಸಂಕಟವಾದದ್ದು ಮೂರನೆಯದಕ್ಕೆ. ಎದ್ದು ಹೊರಡುವಾಗ ಅವರೇ ‘ಕಾಲೂ ಹಿಡ್ಕೊಂಡಿದೆ’ ಅಂದರು. ಎಣ್ಣೆ ಹಾಕಿ ಮೀನಖಂಡವನ್ನು ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗಿ ನೀವಿಬಿಟ್ಟರು. ಎರಡು ದಿನ ಕಳೆದ ಮೇಲೆ ಕಾಲು ಊದಿ ಬಿಸಿಯಾದಾಗ, ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಆಯಿತು: ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೆಪ್ಪು ನೀವಿದ್ದರಿಂದ ಹುಟ್ಟಿದ್ದಲ್ಲ, ಮೊದಲೇ ಇದ್ದಿರಬೇಕು. ಆದರೆ ಅಂಥ ಕಾಲನ್ನು ನೀವಿದರೆ ಹೆಪ್ಪಿನ ಚೂರು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಪ್ರಾಣವನ್ನೇ ತೆಗೆಯಬಹುದು. ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ, ಅದರಲ್ಲೂ ಎಡಗಾಲಿನಲ್ಲೇ ಜಾಸ್ತಿ. ಹೊಲಿಗೆ ಟೇಪಿನಿಂದ ಎರಡೂ ಮೀನಖಂಡವನ್ನು ಒಂದೇ ಎತ್ತರದಲ್ಲಿ ಅಳೆಯಿರಿ. 2 ಸೆಂಟಿಮೀಟರ್ ಅಥವಾ ಹೆಚ್ಚು ವ್ಯತ್ಯಾಸವಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವ್ಯತ್ಯಾಸ ಕಾಣದಿದ್ದರೂ ಒಂದೇ ಕಾಲು ನೋಯುತ್ತಿದ್ದರೆ ನೀವಿಸಬೇಡಿ, ಡಾಕ್ಟರಿಗೆ ತೋರಿಸಿ. ಆ ತಾಯಿ ಹೆರಿಗೆಯವರೆಗೂ ದಿನವೂ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ತೆಗೆದುಕೊಂಡರು, ಹೆರಿಗೆಯಾದ ಮೇಲೂ ಆರು ವಾರ. ತಾಯಿ, ಮಗು ಇಬ್ಬರೂ ಉಳಿದರು.

ಕೈಚಿಕಿತ್ಸೆಯೇ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. 2015ರಲ್ಲಿ ಪ್ರಕಟವಾದ, 400 ಗರ್ಭಿಣಿಯರ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ ಆಸ್ಟಿಯೋಪಥಿ ಮಾಡಿಸಿಕೊಂಡವರಿಗೆ, ಬರೀ ಮಾಮೂಲು ತಪಾಸಣೆಗೆ ಬಂದವರಿಗಿಂತ ಬೆನ್ನುನೋವು ಕಡಿಮೆಯಿತ್ತು. ಆದರೆ ಹೆಸರಿಗೆ ಮಾತ್ರ ಅಲ್ಟ್ರಾಸೌಂಡ್ ಉಪಕರಣ ಆಡಿಸಿದ ಗುಂಪಿಗೂ ಹೆಚ್ಚುಕಡಿಮೆ ಅಷ್ಟೇ ಆರಾಮ ಸಿಕ್ಕಿತ್ತು. ಹೆಚ್ಚು ಅಪಾಯದ ಗರ್ಭಿಣಿಯರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲೇ ಇಲ್ಲ. ಬ್ರಿಟನ್ನಿನಲ್ಲಿ 1993ರ ಕಾನೂನಿನ ಪ್ರಕಾರ ನೋಂದಣಿ ಇಲ್ಲದವರು ತಮ್ಮನ್ನು ಆಸ್ಟಿಯೋಪಾತ್ ಅಂತ ಕರೆದುಕೊಳ್ಳುವಂತಿಲ್ಲ, ಅಮೆರಿಕದಲ್ಲಿ ಅವರು ಪೂರ್ಣ ವೈದ್ಯರು. ನಮ್ಮ ಬೀದಿಯ ಬೋರ್ಡಿನಲ್ಲಿ ಆ ಪದ ಕಂಡ ಮಾತ್ರಕ್ಕೆ ಒಳಗಿರುವವರೂ ಅಂಥವರೇ ಅಂತ ತಿಳಿಯಬೇಡಿ. ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲಿದೆಯೇ ನೋಡಿ, ಯಾವ ಓದು ಅಂತ ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಚಪ್ಪಲಿ ಮೆಟ್ಟಿ ಹೊರಡಿ.

ಕೆಲವು ನೋವು ಸೊಂಟದ್ದೇ ಅಲ್ಲ, ಅವನ್ನು ನೀವಿಸುತ್ತಾ ಕೂತರೆ ಹೊತ್ತು ಮೀರುತ್ತದೆ. ಬಲಗಡೆ ಪಕ್ಕೆಯ ಕೆಳಗೆ ಅಥವಾ ಎದೆಗುಂಡಿಯಲ್ಲಿ ನೋವು, ತಲೆನೋವು, ಕಣ್ಣು ಮಂಜಾಗುವುದು: ಗ್ಯಾಸ್ ಅನ್ನಬೇಡಿ, ಬಿಪಿ ನೋಡಿಸಿ, 140/90 ಮುಟ್ಟಿದ್ದರೆ ತಡಮಾಡಬೇಡಿ. ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ ಮೂತ್ರಪಿಂಡದ ಸೋಂಕಿರಬಹುದು. ಸೊಂಟನೋವು ಅಲೆಯಂತೆ ಬಂದು ಹೋಗುತ್ತಿದ್ದರೆ ಅದು ಅವಧಿಗೆ ಮುಂಚಿನ ಹೆರಿಗೆ ನೋವಾಗಬಹುದು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ, ರಕ್ತ ಅಥವಾ ನೀರು ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ 108ಕ್ಕೆ ಫೋನ್ ಮಾಡಿ. ಉಸಿರು ಕಟ್ಟಿದರೂ ಅಷ್ಟೇ. ಹಾಸನದವರಿಗೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್ ಇದೆ, ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಡೈಕ್ಲೊಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಬೇಡಿ. 20 ವಾರದ ನಂತರ ಅವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಗರ್ಭದ ನೀರು ಕಡಿಮೆ ಮಾಡಬಲ್ಲವು.

ಬರೀ ಸೊಂಟನೋವೇ ಅಂತ ಡಾಕ್ಟರು ಹೇಳಿದರೆ ಮನೆಯಲ್ಲೇ ಮಾಡಬಹುದಾದದ್ದು ಬಹಳವಿದೆ. ಎಡಮಗ್ಗುಲು ಮಲಗಿ, ಮೊಣಕಾಲಿನಿಂದ ಪಾದದವರೆಗೂ ನಡುವೆ ದಿಂಬು ಇಟ್ಟುಕೊಳ್ಳಿ. ಮಗ್ಗುಲು ಬದಲಿಸುವಾಗ ಎರಡೂ ಮೊಣಕಾಲು ಅಂಟಿಸಿ ಒಟ್ಟಿಗೆ ತಿರುಗಿ. ಕೂತು ಬಟ್ಟೆ ಹಾಕಿಕೊಳ್ಳಿ, ಒಂಟಿ ಕಾಲಿನಲ್ಲಿ ನಿಲ್ಲಬೇಡಿ. ಬೈಕಿನಲ್ಲಿ ಒಂದೇ ಕಡೆ ಕಾಲು ಹಾಕಿ ಕೂರುವುದು ಸೊಂಟವನ್ನು ತಿರುಚುತ್ತದೆ. ಕಾಫಿ ಕೊಯ್ಯುವವರು ಇಳಿಜಾರಿನಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಳ್ಳುವುದನ್ನು ನಿಲ್ಲಿಸಲೇಬೇಕು. ಹಣ್ಣು ತುಂಬಿದ ಹಾಗೆ ಭಾರ ಒಂದೇ ಕಡೆ ಎಳೆಯುತ್ತದೆ, ಮೇಸ್ತ್ರಿಗೆ ಮನೆಯವರೇ ಹೋಗಿ ಹೇಳಿ. ಮಂಡಿ, ಅಂಗೈ ಊರಿ ಬೆನ್ನನ್ನು ಬೆಕ್ಕಿನಂತೆ ಮೇಲಕ್ಕೆ ಬಾಗಿಸಿ ಸಮಕ್ಕೆ ತರುವುದು, ಹತ್ತು ಸಲ, ದಿನಕ್ಕೆರಡು ಹೊತ್ತು. ಬೆಲ್ಟ್ ತಂದಿದ್ದರೆ ಅದನ್ನು ಹೊಟ್ಟೆಯ ಮೇಲೆ ಬಿಗಿಯಬೇಡಿ. ಹೊಟ್ಟೆಯ ಕೆಳಗೆ, ತೊಡೆಯ ಪಕ್ಕದಲ್ಲಿ ಕೈಗೆ ಸಿಗುವ ಎಲುಬಿನ ಗುಬುಟಿನ ಮಟ್ಟಕ್ಕೆ ಸುತ್ತಿ, ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು, ನಡೆಯುವಾಗ ಮಾತ್ರ ಹಾಕಿ, ಮಲಗುವಾಗ ಬಿಚ್ಚಿಡಿ.